ಬ್ಯಾಂಕ್ ಇ-ಹರಾಜಿನಲ್ಲಿ ಫ್ಲ್ಯಾಟ್ ಕೊಳ್ಳೋದು: ಬಿಡ್ ಒತ್ತೋ ಮೊದಲು, ಒತ್ತಿದ ಮೇಲೆ

ಹೊಸಮನೆ_ಹುಡುಕಾಟ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟೊಂದು ಸರ್ಫೇಸಿ ಕಾಯ್ದೆಯಡಿ (ಸಾಲ ತೀರಿಸದವರ ಅಡಮಾನದ ಆಸ್ತಿಯನ್ನು ಬ್ಯಾಂಕೇ ಮಾರೋ ಕಾಯ್ದೆ) ಬ್ಯಾಂಕ್ ಹರಾಜಿಗೆ ಬಂದಿದೆ. ಮೀಸಲು ಬೆಲೆ 60 ಲಕ್ಷ, ಇಎಂಡಿ (ಬಿಡ್ ಮಾಡೋ ಮುಂಚೆ ಕಟ್ಟೋ ಠೇವಣಿ) 6 ಲಕ್ಷ, ಬಿಡ್ ಏರಿಕೆ 50 ಸಾವಿರ, "5 ನಿಮಿಷಗಳ ಅನಿಯಮಿತ ವಿಸ್ತರಣೆ" ಅಂತ ನೋಟಿಸಿನಲ್ಲಿದೆ. ಸ್ವಾಧೀನದ ಕಾಲಂನಲ್ಲಿ "ಸಾಂಕೇತಿಕ" ಅಂತ ಬರೆದಿದ್ದಾರೆ. ಪೋರ್ಟಲ್‌ನಲ್ಲಿ ಬಿಡ್ ಮಾಡೋದು ಹೇಗೆ, ದುಡ್ಡು ಯಾವಾಗ ಎಷ್ಟು ಕಟ್ಟಬೇಕು, ಮೊದಲೇ ಏನೇನು ನೋಡ್ಕೋಬೇಕು? ಗೃಹಸಾಲ ಮಾಡಿಯೇ ಕೊಳ್ಳುವ ಲೆಕ್ಕ. ತಿಳಿದವರು ಬಿಡಿಸಿ ಹೇಳಿ.

ಕಾಗದಪತ್ರ

ನೀವು ಕೊಟ್ಟ ವಿವರದಲ್ಲಿ ಎಲ್ಲಕ್ಕಿಂತ ತೂಕದ್ದು ಆ "ಸಾಂಕೇತಿಕ" ಅನ್ನೋ ಪದ, ಅಂದ್ರೆ ಸ್ವಾಧೀನ ಕಾಗದದ ಮೇಲೆ ಮಾತ್ರ. ಅದಕ್ಕೆ ಆಮೇಲೆ ಬರ್ತೀನಿ, ಮೊದಲು ಪೋರ್ಟಲ್ ವಿಷಯ.

ಸರ್ಕಾರಿ ಬ್ಯಾಂಕುಗಳ ಆಸ್ತಿಗಳಿಗೆ 2025ರ ಜನವರಿಯಲ್ಲಿ ಶುರುವಾದ ಬ್ಯಾಂಕ್‌ನೆಟ್ ಪೋರ್ಟಲ್ ಇದೆ. ಖಾಸಗಿ ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿಗಳು ಬೇರೆ ಬೇರೆ ಹರಾಜು ಪೋರ್ಟಲ್ ಬಳಸ್ತಾರೆ. ನಿಮ್ಮ ಹರಾಜು ಎಲ್ಲಿ ನಡೆಯುತ್ತೆ ಅನ್ನೋದು ಸೇಲ್ ನೋಟಿಸಿನಲ್ಲೇ ಇರುತ್ತೆ. ಆ ವಿಳಾಸವನ್ನು ನೋಟಿಸು ನೋಡಿ ಕೈಯಾರೆ ಟೈಪ್ ಮಾಡಿ. ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತಬೇಡಿ.

ಮೊಬೈಲ್, ಇಮೇಲ್, ಪ್ಯಾನ್, ಆಧಾರ್ ಕೊಟ್ಟು ನೋಂದಣಿ ಮಾಡ್ಕೋಬೇಕು. ಕೆವೈಸಿ ಒಪ್ಪಿಗೆಯಾಗೋಕೆ ಕೆಲವು ಕಡೆ ಒಂದೆರಡು ಕೆಲಸದ ದಿನ ಹಿಡಿಯುತ್ತೆ, ಅದಕ್ಕೇ ಕೊನೇ ದಿನದವರೆಗೆ ಕಾಯಬಾರದು. ಆಮೇಲೆ ಆಸ್ತಿಯ ಐಡಿ ಹುಡುಕಿ, ಭಾಗವಹಿಸ್ತೀನಿ ಅಂತ ಗುರುತು ಹಾಕಿ, ಇಎಂಡಿ ಕಟ್ಟಬೇಕು. ಬ್ಯಾಂಕ್‌ನೆಟ್‌ನಲ್ಲಿ ದುಡ್ಡು ಮೊದಲು ನಿಮ್ಮ ಹೆಸರಿನ ವ್ಯಾಲೆಟ್ಟಿಗೆ ಹೋಗುತ್ತೆ, ಅಲ್ಲಿಂದ ಆ ಆಸ್ತಿಗೆ ಜೋಡಿಸಬೇಕು. ಎಡವೋದು ಇಲ್ಲೇ: ವ್ಯಾಲೆಟ್ಟಿಗೆ ದುಡ್ಡು ಬಂತು ಅಂತ ನಿಶ್ಚಿಂತರಾಗಿರ್ತಾರೆ, ಆಸ್ತಿಗೆ ಜೋಡಿಸಿರೋಲ್ಲ, ಗಡುವು ಮುಗಿದಿರುತ್ತೆ. ಜೋಡಣೆಯಾದ ಮೇಲೆ ಬರುವ ದೃಢೀಕರಣ ಪುಟವನ್ನು ಉಳಿಸಿಟ್ಟುಕೊಳ್ಳಿ. ಕೆಲವು ಪೋರ್ಟಲ್‌ಗಳಲ್ಲಿ ಡಿಜಿಟಲ್ ಸಹಿ ಬೇಕಾಗುತ್ತೆ. ಬೇಕಾದರೆ ಅದನ್ನು ಮಾಡಿಸಿ, ಹರಾಜಿನ ಮುಂಚೆಯೇ ಅದೇ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ ನೋಡಿ.

ನೀಲಿಗೇಟು

ಹರಾಜಿನ ಹೊತ್ತಿನ ಬಗ್ಗೆ ನಾನು ಸೇರಿಸ್ತೀನಿ. ಬಹಳಷ್ಟು ನೋಟಿಸುಗಳಲ್ಲಿ ಮೀಸಲು ಬೆಲೆಯ ಮೇಲೆ ಕನಿಷ್ಠ ಒಂದು ಏರಿಕೆ ಸೇರಿಸಿಯೇ ಮೊದಲ ಬಿಡ್ ಕೂಗಬೇಕು ಅಂತ ಷರತ್ತಿರುತ್ತೆ. ಹಾಗಿದ್ದರೆ ನಿಮ್ಮ ಮೊದಲ ಬಿಡ್ 60.5 ಲಕ್ಷ. ಒಬ್ಬರೇ ಬಿಡ್‌ದಾರರಿದ್ದರೂ ಇದೇ ಲೆಕ್ಕ.

5 ನಿಮಿಷದ ವಿಸ್ತರಣೆ ಅಂದ್ರೆ, ಮುಗಿಯೋ ಮುಂಚಿನ ಕೊನೆಯ 5 ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಗಡಿಯಾರ ಇನ್ನೂ 5 ನಿಮಿಷ ಮುಂದಕ್ಕೆ ಹೋಗುತ್ತೆ. ಮತ್ತೊಬ್ಬರು ಹಾಕಿದರೆ ಮತ್ತೆ 5. ಹನ್ನೆರಡಕ್ಕೆ ಮುಗಿಯಬೇಕಾದ್ದು ಮೂರು ಗಂಟೆಗೂ ಮುಗಿಯದೇ ಇರಬಹುದು. ಹಾಗಾಗಿ "ಕೊನೇ ಸೆಕೆಂಡಿನಲ್ಲಿ ಒತ್ತಿ ಗೆಲ್ತೀನಿ" ಅನ್ನೋ ತಂತ್ರ ಇಲ್ಲಿ ನಡೆಯೋಲ್ಲ, ಅದರಿಂದ ನಷ್ಟವೇ ಜಾಸ್ತಿ. ಲೆಕ್ಕಕ್ಕೆ ಬರೋದು ಸರ್ವರಿನ ಸಮಯ, ನಿಮ್ಮ ಮೊಬೈಲಿನದ್ದಲ್ಲ. ನೀವು ಕೊನೇ ಹತ್ತು ಸೆಕೆಂಡಿನಲ್ಲಿ ಒತ್ತಿದ್ದು ಅಲ್ಲಿಗೆ ತಲುಪೋದರೊಳಗೆ ಹರಾಜು ಮುಚ್ಚಿದ್ದರೆ ಕೇಳೋರೇ ಇಲ್ಲ. ಎರಡು ಇಂಟರ್‌ನೆಟ್ ಸಂಪರ್ಕ ಇಟ್ಟುಕೊಳ್ಳಿ, ಪುಟವನ್ನು ಆಗಾಗ ರಿಫ್ರೆಶ್ ಮಾಡ್ತಿರಿ. ಸುಮ್ಮನೆ ಬಿಟ್ಟರೆ ಲಾಗಿನ್ ತಾನಾಗಿ ಹೊರಗೆ ಹಾಕುತ್ತೆ.

ಇನ್ನೊಂದು ಮಾತು, ಅಂಕಿಯನ್ನು ಕೈಯಿಂದ ಹೊಡೆಯುವ ಪೋರ್ಟಲ್‌ನಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದರೆ ಆ ಬಿಡ್ ನಿಮ್ಮ ತಲೆಗೇ ಕಟ್ಟು. ಹಾಕಿದ ಬಿಡ್ ವಾಪಸ್ ತೆಗೆಯೋಕೆ ಆಗೋಲ್ಲ. ಒತ್ತೋ ಮುಂಚೆ ಅಕ್ಷರದಲ್ಲಿ ತೋರಿಸೋ ಮೊತ್ತವನ್ನು ಬಾಯಲ್ಲಿ ಒಮ್ಮೆ ಓದಿಕೊಳ್ಳಿ.

ಲೆಕ್ಕದಪುಸ್ತಕ

ದುಡ್ಡಿನ ಗಡಿಯಾರ ಸ್ಪಷ್ಟವಾಗಿರಲಿ, ಅಂಕಿ ಹಾಕಿಯೇ ಹೇಳ್ತೀನಿ. ನೀವು 71.5 ಲಕ್ಷಕ್ಕೆ ಗೆದ್ದಿರಿ ಅಂತಿಟ್ಟುಕೊಳ್ಳಿ, ಅಂದ್ರೆ ಮೀಸಲು ಬೆಲೆಯಿಂದ 23 ಏರಿಕೆ.

2002ರ ಸೆಕ್ಯೂರಿಟಿ ಇಂಟರೆಸ್ಟ್ ಎನ್‌ಫೋರ್ಸ್‌ಮೆಂಟ್ ನಿಯಮಗಳ 9ನೇ ನಿಯಮದ ಪ್ರಕಾರ ಅದೇ ದಿನ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ, ಇಎಂಡಿ ಸೇರಿ ಒಟ್ಟು 25% ತುಂಬಬೇಕು. 71.5 ಲಕ್ಷದ 25% ಅಂದ್ರೆ 17,87,500. ಇಎಂಡಿ 6 ಲಕ್ಷ ಆಗಲೇ ಕಟ್ಟಿದ್ದೀರಿ. ಉಳಿದ 11,87,500 ರೂಪಾಯಿ ನಾಳೆಯೊಳಗೆ ಹೋಗಬೇಕು. ಹೊಸದಾಗಿ ಸೇರಿಸಿದ ಖಾತೆಗೆ ನೆಟ್‌ಬ್ಯಾಂಕಿಂಗ್‌ನಲ್ಲಿ ಅಷ್ಟು ಮೊತ್ತ ಒಂದೇ ದಿನ ಕಳಿಸೋಕೆ ಮಿತಿ ಅಡ್ಡ ಬರುತ್ತೆ. ಆ ಖಾತೆಯನ್ನು ಮೊದಲೇ ಸೇರಿಸಿಡಿ, ಇಲ್ಲಾಂದ್ರೆ ಚೆಕ್ ಹಿಡಿದು ಶಾಖೆಗೆ ಹೋಗಿ ಆರ್‌ಟಿಜಿಎಸ್ ಮಾಡಿಸಿ. ಎಫ್‌ಡಿ ಮುರಿಯಬೇಕಿದ್ದರೆ ಹರಾಜಿನ ಹಿಂದಿನ ವಾರವೇ ಮುರಿದಿರಲಿ.

ಬಾಕಿ 75%, ಅಂದ್ರೆ 53,62,500. ಇದು ಮಾರಾಟ ದೃಢೀಕರಣವಾದ 15ನೇ ದಿನದೊಳಗೆ. ಗಮನಿಸಿ, ಎಣಿಕೆ ಹರಾಜಿನ ದಿನದಿಂದ ಅಲ್ಲ, ಬ್ಯಾಂಕು ಮಾರಾಟವನ್ನು ದೃಢಪಡಿಸಿದ ದಿನದಿಂದ. ಆ ಪತ್ರವನ್ನು ಇಮೇಲಿನಲ್ಲಿ ತರಿಸಿಕೊಂಡು ತಾರೀಖು ನೋಡಿ. ಗಡುವು ಸಾಲದಿದ್ದರೆ ಬ್ಯಾಂಕೂ ನೀವೂ ಲಿಖಿತವಾಗಿ ಒಪ್ಪಿಕೊಂಡು ವಿಸ್ತರಿಸಬಹುದು, ಆದರೆ ಯಾವ ಕಾರಣಕ್ಕೂ ಮೂರು ತಿಂಗಳು ಮೀರುವಂತಿಲ್ಲ. ಅಧಿಕಾರಿ ಬಾಯಿಮಾತಲ್ಲಿ "ಪರವಾಗಿಲ್ಲ, ಮುಂದಿನ ವಾರ ಕಟ್ಟಿ" ಅಂದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ತಪ್ಪಿದರೆ ಏನು? ಕಟ್ಟಿದ 25% ಮುಟ್ಟುಗೋಲು. "ಬ್ಯಾಂಕಿಗೆ ಎಷ್ಟು ನಷ್ಟವಾಯಿತೋ ಅಷ್ಟು ಹಿಡಿದುಕೊಂಡು ಉಳಿದದ್ದು ಕೊಡಲಿ" ಅನ್ನೋ ವಾದವನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಪ್ರಕರಣದಲ್ಲಿ ಒಪ್ಪಲಿಲ್ಲ. ನಿಮ್ಮ ಉದಾಹರಣೆಯಲ್ಲಿ ಹೋಗೋದು ಪೂರ್ತಿ 17,87,500.

ಹೊಸಮನೆ_ಹುಡುಕಾಟ

ಧನ್ಯವಾದ ಸರ್. 15 ದಿನದಲ್ಲಿ ಗೃಹಸಾಲ ಸಿಗುತ್ತಾ?

ಲೆಕ್ಕದಪುಸ್ತಕ

ಗೆದ್ದ ಮೇಲೆ ಅರ್ಜಿ ಹಾಕಿದರೆ ಕಷ್ಟ. ಸಾಲ ಕೊಡೋ ಬ್ಯಾಂಕು ಹಕ್ಕುಪತ್ರ ವಕೀಲರಿಗೆ ತೋರಿಸಬೇಕು, ಮೌಲ್ಯಮಾಪಕರನ್ನು ಮನೆ ಒಳಗೆ ಕಳಿಸಬೇಕು. ಸಾಂಕೇತಿಕ ಸ್ವಾಧೀನವಾದರೆ ಒಳಗೆ ಬಿಡೋರು ಯಾರು? ಇದೊಂದೇ ಕಾರಣಕ್ಕೆ ಎಷ್ಟೋ ಬ್ಯಾಂಕುಗಳು ಇಂಥ ಆಸ್ತಿಗೆ ಸಾಲ ಕೊಡೋಕೆ ಹಿಂದೇಟು ಹಾಕ್ತವೆ. ಸಾಮಾನ್ಯ ಕ್ರಯದಲ್ಲಿ ಮಾರುವವರು ಬಂದು ಸಹಿ ಹಾಕ್ತಾರೆ, ಅದೇ ದಿನ ಸಾಲದ ಚೆಕ್ಕು ಕೈ ಬದಲಾಗುತ್ತೆ. ಇಲ್ಲಿ ಪೂರ್ತಿ ಹಣ ಕಟ್ಟಿದ ಮೇಲೇ ಸೇಲ್ ಸರ್ಟಿಫಿಕೇಟ್ (ಆಸ್ತಿ ನಿಮಗೆ ಮಾರಾಟವಾಯಿತು ಅಂತ ಬ್ಯಾಂಕು ಕೊಡೋ ಪತ್ರ), ಅಲ್ಲಿಯವರೆಗೆ ಸಾಲಕ್ಕೆ ಅಡಮಾನ ಇಡೋಕೆ ನಿಮ್ಮ ಹೆಸರಲ್ಲಿ ಆಸ್ತಿಯೇ ಇರೋಲ್ಲ.

ದಾರಿ ಅಂದ್ರೆ ಹರಾಜು ನಡೆಸೋ ಬ್ಯಾಂಕನ್ನೇ ಮೊದಲು ಕೇಳೋದು. ಪತ್ರಗಳೆಲ್ಲ ಅವರ ಹತ್ತಿರವೇ ಇರುತ್ತವೆ. ವರಮಾನದ ಮೇಲೆ ಸಾಲ ಮಂಜೂರಾತಿಯನ್ನು ಬಿಡ್ ಹಾಕೋ ಮೊದಲೇ ಮಾಡಿಸಿಟ್ಟುಕೊಳ್ಳಿ. ಆದರೂ 75%ನ ದೊಡ್ಡ ಪಾಲು ಬೇರೆ ಮೂಲದಿಂದ ಬರುವ ದಾರಿ ಇಲ್ಲದಿದ್ದರೆ ಬಿಡ್ ಹಾಕಬೇಡಿ. ಇದು ನನ್ನ ಖಚಿತ ಅಭಿಪ್ರಾಯ.

ತೆಂಗಿನಗರಿ

ಎಲ್ಲರೂ ಯಾಕೆ ಇಷ್ಟು ಹೆದರಿಸ್ತೀರಿ? ಹರಾಜಲ್ಲಿ ಮಾರುಕಟ್ಟೆಗಿಂತ ಕಡಿಮೆಗೆ ಸಿಗುತ್ತೆ, ಬ್ಯಾಂಕೇ ಮಾರ್ತಿದೆ ಅಂದ ಮೇಲೆ ಪತ್ರಗಳು ಸರಿಯಾಗೇ ಇರುತ್ತವೆ. ಬ್ಯಾಂಕು ನೋಡದೆ ಸಾಲ ಕೊಟ್ಟಿರುತ್ತಾ?

ಕಾಗದಪತ್ರ

ಕಡಿಮೆಗೆ ಸಿಗಬಹುದು, ಸರಿ. ಆದರೆ ಬ್ಯಾಂಕು ಮಾರೋದು "ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ" ಅನ್ನೋ ಷರತ್ತಿನ ಮೇಲೆ. ಹಕ್ಕಿನಲ್ಲಿ, ಅಳತೆಯಲ್ಲಿ, ಬಾಕಿಯಲ್ಲಿ ಏನೇ ಇದ್ದರೂ ನೋಡಿಕೊಳ್ಳೋ ಹೊಣೆ ಕೊಳ್ಳುವವರದ್ದು ಅಂತ ಅದೇ ನೋಟಿಸಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ. ಬ್ಯಾಂಕು ನೋಡಿಯೇ ಸಾಲ ಕೊಟ್ಟಿರುತ್ತೆ, ಆದರೆ ನೋಡಿದ್ದು ಸಾಲ ಕೊಟ್ಟ ವರ್ಷದಲ್ಲಿ.

ಈಗ ಸ್ವಾಧೀನದ ಮಾತು. ಸಾಲಗಾರರಿಗೆ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನಡಿ ಬಾಕಿ ಕಟ್ಟಿ ಅಂತ ನೋಟಿಸು ಕೊಟ್ಟು 60 ದಿನ ಕಳೆದ ಮೇಲೆ 13(4)ರಡಿ ಬ್ಯಾಂಕು ಬಾಗಿಲಿಗೆ ನೋಟಿಸು ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಿಸಿ "ಸ್ವಾಧೀನ ತೆಗೆದುಕೊಂಡಿದ್ದೇವೆ" ಅನ್ನುತ್ತೆ. ಇದು ಸಾಂಕೇತಿಕ. ಒಳಗೆ ಸಾಲಗಾರರ ಕುಟುಂಬವೋ ಬಾಡಿಗೆದಾರರೋ ಇನ್ನೂ ಇರ್ತಾರೆ, ಬೀಗ ಅವರದ್ದೇ. ಅವರನ್ನು ಹೊರಗೆ ಕಳಿಸೋಕೆ ಬ್ಯಾಂಕು ಕಾಯ್ದೆಯ 14ನೇ ಕಲಮಿನಡಿ ಅರ್ಜಿ ಹಾಕಬೇಕು. ಚೀಫ್ ಮ್ಯಾಜಿಸ್ಟ್ರೇಟರ ಮುಂದೆ, ಇಲ್ಲವೇ ಜಿಲ್ಲಾಧಿಕಾರಿಗಳ ಮುಂದೆ. 30 ದಿನ, ಕಾರಣ ಬರೆದು ಹೆಚ್ಚೆಂದರೆ 60 ದಿನದೊಳಗೆ ಆದೇಶ ಮಾಡಬೇಕು ಅಂತ ಕಾಯ್ದೆ ಹೇಳುತ್ತೆ. ನಡೆಯೋದು ಅದಕ್ಕಿಂತ ನಿಧಾನ. ಆದೇಶ ಬಂದ ಮೇಲೆ ಕಮಿಷನರ್ ನೇಮಕ, ಪೊಲೀಸ್ ಬಂದೋಬಸ್ತು, ದಿನ ಗೊತ್ತು ಮಾಡೋದು ಬೇರೆ.

ಹಾಗಾಗಿ ಈ ಹರಾಜು ನಡೆಸೋ ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಇಮೇಲ್ ಬರೆದು ಕೇಳಿ: 14ನೇ ಕಲಮಿನ ಅರ್ಜಿ ಹಾಕಿದ್ದೀರಾ, ಅದರ ನಂಬರ್ ಏನು, ಆದೇಶ ಆಗಿದೆಯಾ, ಒಳಗೆ ಈಗ ಯಾರಿದ್ದಾರೆ? ಅರ್ಜಿಯನ್ನೇ ಹಾಕಿಲ್ಲ ಅಂದರೆ ಕೀಲಿ ಕೈಗೆ ಬರೋಕೆ ವರ್ಷವೂ ಹಿಡಿಯಬಹುದು ಅಂತಲೇ ಲೆಕ್ಕ ಹಾಕಿ. ಆ ವರ್ಷವಿಡೀ ನಿಮ್ಮ ಈಗಿನ ಬಾಡಿಗೆ, ಸಾಲದ ಕಂತು ಎರಡೂ ನಡೀತಿರುತ್ತೆ. ಅದನ್ನು ಬಿಡ್ ಮೊತ್ತಕ್ಕೆ ಕೂಡಿಸಿದ ಮೇಲೂ ಅಗ್ಗವಾಗಿದ್ದರೆ ಮಾತ್ರ ಅದು ಅಗ್ಗ.

ಚೆಕ್ಕುಬಂದಿ

ಬಾಡಿಗೆದಾರರ ವಿಷಯ ಹಗುರವಾಗಿ ತಗೋಬೇಡಿ. 13(2)ರ ನೋಟಿಸು ತಲುಪಿದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಆದರೆ ಅಡಮಾನಕ್ಕೂ ಮುಂಚಿನ, ನೋಂದಣಿಯಾದ ಗುತ್ತಿಗೆ ಇದ್ದರೆ ಅವರು ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿ) ಹೋಗಿ ತಮ್ಮ ಹಕ್ಕು ಕೇಳಬಹುದು. ಬೆಂಗಳೂರಿನಲ್ಲಿ ಲೀಸ್ ಅಂತ ಹತ್ತಾರು ಲಕ್ಷ ಕೊಟ್ಟು ಕೂತವರು ಇರ್ತಾರಲ್ಲ, ಆ ದುಡ್ಡು ಸಾಲಗಾರರ ಹತ್ತಿರ ಮುಳುಗಿರುತ್ತೆ. ಅವರು ಸುಮ್ಮನೆ ಎದ್ದು ಹೋಗೋಲ್ಲ. ಅವರ ಸಂಕಟವೂ ನಿಜವೇ.

ಡಿಆರ್‌ಟಿ ವೆಬ್‌ಸೈಟಿನಲ್ಲಿ ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಬ್ಯಾಂಕಿನ ಹೆಸರು ಮೂರನ್ನೂ ಹಾಕಿ ಹುಡುಕಿ. 17ನೇ ಕಲಮಿನ ಅರ್ಜಿ ಬಾಕಿ ಇದ್ದರೆ ಆದೇಶಗಳನ್ನು ಓದಿ. ಬ್ಯಾಂಕಿನ ಪ್ರತಿ ಕ್ರಮವನ್ನೂ 45 ದಿನದೊಳಗೆ ಪ್ರಶ್ನಿಸುವ ಹಕ್ಕು ಸಾಲಗಾರರಿಗಿದೆ, ಮಾರಾಟವೂ ಅದರಲ್ಲಿ ಸೇರಿದೆ. ಅಂದ್ರೆ ನೀವು ಗೆದ್ದ ಮೇಲೂ ಹೊಸ ಕೇಸು ಬರಬಹುದು. ಸಿವಿಲ್ ಕೋರ್ಟಿಗೆ ಹೋಗೋಕೆ 34ನೇ ಕಲಮು ಅಡ್ಡ ಇದೆ, ಹಾಗಾಗಿ ಎಲ್ಲ ನಡೆಯೋದು ಡಿಆರ್‌ಟಿಯಲ್ಲಿ, ಮೇಲ್ಮನವಿ ಚೆನ್ನೈನ ಡಿಆರ್‌ಎಟಿಯಲ್ಲಿ.

ಹೊಸಮನೆ_ಹುಡುಕಾಟ

ಹರಾಜಿನ ಹಿಂದಿನ ದಿನ ಸಾಲಗಾರರೇ ಬಾಕಿ ಕಟ್ಟಿಬಿಟ್ಟರೆ?

ಕಾಗದಪತ್ರ

2016ರ ತಿದ್ದುಪಡಿಯ ಮೇಲೆ, ಸೇಲ್ ನೋಟಿಸು ಪ್ರಕಟವಾಗುವ ತಾರೀಖಿನವರೆಗೆ ಮಾತ್ರ ಸಾಲಗಾರರಿಗೆ ಬಿಡಿಸಿಕೊಳ್ಳುವ ಹಕ್ಕು. 2023ರಲ್ಲಿ ಸೆಲಿರ್ ಮತ್ತು ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದು, ಹರಾಜಿನಲ್ಲಿ ಗೆದ್ದವರ ಪರ ನಿಂತಿತು. ಆದರೂ ಹರಾಜಿನ ಮುಂಚೆ ಬ್ಯಾಂಕು ಆಸ್ತಿಯನ್ನು ಪಟ್ಟಿಯಿಂದ ತೆಗೆಯೋದು ಮಾಮೂಲು. ಕಾರಣ ಹೇಳದೆ ರದ್ದು ಮಾಡೋ ಅಧಿಕಾರವನ್ನು ನೋಟಿಸಿನಲ್ಲೇ ಇಟ್ಟುಕೊಂಡಿರ್ತಾರೆ. ಇಎಂಡಿ ವಾಪಸ್ ಬರುತ್ತೆ, ಬಡ್ಡಿ ಬರೋಲ್ಲ.

ಚೆಕ್ಕುಬಂದಿ

ಪತ್ರಗಳಲ್ಲಿ ನಾನು ಮೊದಲು ನೋಡೋದು ಇಸಿ, ಅಂದ್ರೆ ಆಸ್ತಿಯ ಮೇಲಿನ ಋಣಭಾರ ತೋರಿಸೋ ಪತ್ರ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುವಷ್ಟು ಹಿಂದಿನಿಂದ ತೆಗೆಸಿ, ಅದಕ್ಕೂ ಹಿಂದಿನದ್ದು ಬೇಕಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ. ಈ ಬ್ಯಾಂಕಿನ ಅಡಮಾನದ ನಮೂದು ಅದರಲ್ಲಿ ಇದೆಯಾ ನೋಡಿ. ಅದರ ನಂತರ ಮತ್ತೊಂದು ಅಡಮಾನವೋ ಕೋರ್ಟಿನ ಜಪ್ತಿ ಆದೇಶವೋ ಕಾಣಿಸಿದರೆ ಅಲ್ಲೇ ನಿಲ್ಲಿ, ವಕೀಲರನ್ನು ಕೇಳಿ. ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್ ನೋಂದಣಿಯಲ್ಲೂ ಅದೇ ಆಸ್ತಿಯನ್ನು ಹುಡುಕಿ, ಇಸಿಯಲ್ಲಿ ಬಾರದ ಇನ್ನೊಂದು ಸಾಲ ಅಲ್ಲಿ ಸಿಗಬಹುದು.

ಆಮೇಲೆ ಖಾತಾ, ಅಂದ್ರೆ ಪಾಲಿಕೆಯ ಆಸ್ತಿ ದಾಖಲೆ. ಎ ಖಾತಾನಾ ಬಿ ಖಾತಾನಾ, ಇ-ಖಾತಾ ಆಗಿದೆಯಾ, ಯಾರ ಹೆಸರಲ್ಲಿ? ಸೇಲ್ ನೋಟಿಸಿನ ಷೆಡ್ಯೂಲನ್ನು (ಆಸ್ತಿಯ ವಿವರ) ಮೂಲ ಕ್ರಯಪತ್ರದ ಜೊತೆ ಸಾಲು ಸಾಲಾಗಿ ಹೋಲಿಸಿ. ಫ್ಲ್ಯಾಟ್ ನಂಬರ್, ಮಹಡಿ, ಚದರಡಿ, ಜಮೀನಿನಲ್ಲಿನ ಅವಿಭಜಿತ ಪಾಲು, ಪಾರ್ಕಿಂಗ್, ನಾಲ್ಕು ದಿಕ್ಕಿನ ಚೆಕ್ಕುಬಂದಿ. ನೋಟಿಸಿನಲ್ಲಿ ಪಾರ್ಕಿಂಗ್ ಬರೆಯದೆ ಬಿಟ್ಟಿದ್ದರೆ ಸೇಲ್ ಸರ್ಟಿಫಿಕೇಟಿನಲ್ಲೂ ಬರೋಲ್ಲ, ಆಮೇಲೆ ಅಸೋಸಿಯೇಷನ್ ಜೊತೆ ಜಗಳ. ತಪ್ಪಿದ್ದರೆ ಹರಾಜಿನ ಮೊದಲೇ ತಿದ್ದುಪಡಿ ಪ್ರಕಟಣೆ ಹೊರಡಿಸಿ ಅಂತ ಅಧಿಕಾರಿಗೆ ಬರೆಯಿರಿ. ಕಟ್ಟಡ ಭೂಪರಿವರ್ತನೆಯಾಗದ ಜಮೀನಿನ ಮೇಲೆ ನಿಂತಿದ್ದರೆ ಅದು ಬೇರೆಯೇ ತೊಡಕು: ಕೃಷಿ ಭೂಮಿಗೆ ಸರ್ಫೇಸಿಯೇ ಅನ್ವಯಿಸೋಲ್ಲ, ಸಾಲಗಾರರು ಅದನ್ನೇ ಹಿಡಿದು ಇಡೀ ಹರಾಜನ್ನು ಪ್ರಶ್ನಿಸಬಹುದು.

ಪರಿಶೀಲನೆಯ ದಿನ ತಪ್ಪದೆ ಹೋಗಿ. ಒಳಗೆ ಬಿಡದಿದ್ದರೂ ಅಸೋಸಿಯೇಷನ್ ಕಚೇರಿಯಲ್ಲಿ ಮೆಂಟೆನೆನ್ಸ್ ಬಾಕಿ ಎಷ್ಟು ಅಂತ ಬರಹದಲ್ಲಿ ತಗೊಳ್ಳಿ. ಆಸ್ತಿ ತೆರಿಗೆ, ನೀರು, ಕರೆಂಟು ಬಾಕಿಯನ್ನೂ ನೋಡಿ. ಹಿಂದಿನ ಮಾಲೀಕರ ಕರೆಂಟ್ ಬಾಕಿ ನನಗೇಕೆ ಅನ್ನೋರಿಗೆ: ಸರಬರಾಜು ನಿಯಮಗಳಲ್ಲಿ ಅವಕಾಶವಿದ್ದರೆ ಹಳೇ ಬಾಕಿ ತೀರಿಸಿದ ಮೇಲೇ ಸಂಪರ್ಕ ಅಂತ ವಿದ್ಯುತ್ ಕಂಪನಿ ಷರತ್ತು ಹಾಕಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತೆಂಗಿನಗರಿ

ಲೀಸ್‌ನವರ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಇನ್ನೊಂದು ಪ್ರಶ್ನೆ, ಇದೇ ಆಸ್ತಿ ಮತ್ತೆ ಮತ್ತೆ ಹರಾಜಿಗೆ ಬಂದರೆ ಅದು ಒಳ್ಳೇ ಸೂಚನೆಯಾ, ಕೆಟ್ಟದ್ದಾ?

ನೀಲಿಗೇಟು

ಎರಡೂ ಆಗಬಹುದು. ಮೊದಲ ಸಲ ನೋಟಿಸಿಗೂ ಹರಾಜಿಗೂ 30 ದಿನ ಅಂತರ ಬೇಕು, ಬಿಡ್ ಬಾರದೆ ಮತ್ತೆ ಇಟ್ಟರೆ 15 ದಿನ ಸಾಕು. ಹಾಗಾಗಿ ನಿಮ್ಮ ನೋಟಿಸಿನಲ್ಲಿ 15 ದಿನದ ಅಂತರ ಕಂಡರೆ ಇದು ಮೊದಲ ಸಲವಲ್ಲ ಅಂತ ತಿಳೀರಿ. ಹಳೇ ನೋಟಿಸು ಹುಡುಕಿ ಮೀಸಲು ಬೆಲೆ ಹೋಲಿಸಿ. ಬೆಲೆ ಇಳಿಸಿಯೂ ಯಾರೂ ಮುಂದೆ ಬಂದಿಲ್ಲ ಅಂದ್ರೆ ಸುತ್ತಮುತ್ತಲಿನವರಿಗೆ, ದಲ್ಲಾಳಿಗಳಿಗೆ ಗೊತ್ತಿರುವ ಏನೋ ಒಂದು ಇದೆ. ಅದು ಬರೀ ಮೀಸಲು ಬೆಲೆ ಹೆಚ್ಚಾಗಿದ್ದದ್ದೂ ಇರಬಹುದು, ಒಳಗೆ ಕೂತವರ ಕೇಸೂ ಇರಬಹುದು. ಎರಡು ಪಕ್ಕದ ಮನೆಯವರನ್ನು ಕೇಳಿದರೆ ಅರ್ಧ ಉತ್ತರ ಸಿಗುತ್ತೆ.

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮೂಲೆ ನಿವೇಶನಗಳ ಇ-ಹರಾಜನ್ನು ಇದರ ಜೊತೆ ಬೆರೆಸಬೇಡಿ. ಅಲ್ಲಿ ಮಾರೋದು ಮಾಲೀಕರೇ ಆದ ಸಂಸ್ಥೆ, ಪೋರ್ಟಲ್ ಬೇರೆ, ಕಟ್ಟುವ ಗಡುವು ಬೇರೆ. ಆ ಪ್ರಕಟಣೆಯನ್ನೇ ಓದಬೇಕು.

ಲೆಕ್ಕದಪುಸ್ತಕ

ತೆರಿಗೆ, ನೋಂದಣಿ ಖರ್ಚು ಇನ್ನೂ ಯಾರೂ ಹೇಳಿಲ್ಲ.

ಮೊತ್ತ 50 ಲಕ್ಷ ಮುಟ್ಟಿದರೆ ಕೊಳ್ಳುವವರು 1% ಟಿಡಿಎಸ್ (ಮೂಲದಲ್ಲೇ ಕಡಿತವಾಗೋ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 71.5 ಲಕ್ಷಕ್ಕೆ 71,500. ಇದು ಬಿಡ್ ಮೊತ್ತದ ಒಳಗಿನದ್ದೇ, ಮೇಲಿಂದ ಸೇರೋದಲ್ಲ. ಯಾರ ಪ್ಯಾನ್ ಹಾಕಬೇಕು, ಯಾವ ಕಂತಿನಲ್ಲಿ ಎಷ್ಟು ಹಿಡಿಯಬೇಕು ಅಂತ ಬ್ಯಾಂಕಿನಿಂದ ಬರಹದಲ್ಲಿ ತಗೊಳ್ಳಿ. ಸಾಮಾನ್ಯವಾಗಿ ಸಾಲಗಾರರ ಪ್ಯಾನ್ ಕೊಡ್ತಾರೆ. ಅದು ಆಧಾರ್ ಜೊತೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ 20% ದರದ ಬೇಡಿಕೆ ನಿಮ್ಮ ಮೇಲೆ ಬರಬಹುದು, ಅದಕ್ಕೇ ಕಟ್ಟುವ ಮುಂಚೆ ಪರಿಶೀಲಿಸಿ. ಟಿಡಿಎಸ್ ಚಲನ್ ಕೊಡದೆ 71,500 ಕಡಿಮೆ ಕಟ್ಟಿದರೆ ಬ್ಯಾಂಕು ಪೂರ್ತಿ ಹಣ ಬಂದಿಲ್ಲ ಅಂತ ಸೇಲ್ ಸರ್ಟಿಫಿಕೇಟನ್ನು ತಡೆಹಿಡಿಯುತ್ತೆ.

ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2% ಆಗಿದೆ. ನಗರದಲ್ಲಿ ಒಟ್ಟು ಸುಮಾರು 7.6% ಅಂತ ಹಿಡಿದರೆ 71.5 ಲಕ್ಷಕ್ಕೆ 5,43,400. ಹರಾಜಿನ ಮೊತ್ತ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಗಿಂತ ಕಡಿಮೆ ಇದ್ದರೆ ಯಾವುದರ ಮೇಲೆ ಶುಲ್ಕ ಕೇಳ್ತಾರೆ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಆ ವ್ಯತ್ಯಾಸ 10% ಮೀರಿದರೆ ಅದನ್ನು ನಿಮ್ಮ ಆದಾಯ ಅಂತ ಪರಿಗಣಿಸುವ ನಿಯಮವೂ ಆದಾಯ ತೆರಿಗೆಯಲ್ಲಿದೆ, ಆಡಿಟರ್ ಹತ್ತಿರ ಮಾತಾಡಿ.

ಕಾಗದಪತ್ರ

ನೋಂದಣಿ ಬಗ್ಗೆ ಒಂದು ಸ್ಪಷ್ಟನೆ. ಸೇಲ್ ಸರ್ಟಿಫಿಕೇಟನ್ನು ನೋಂದಾಯಿಸಲೇಬೇಕು ಅಂತ ಕಡ್ಡಾಯವಿಲ್ಲ, ಅಧಿಕೃತ ಅಧಿಕಾರಿ ಕಳಿಸಿದ ಪ್ರತಿಯನ್ನು ನೋಂದಣಿ ಕಾಯ್ದೆಯ 89(4)ರಡಿ ನೋಂದಣಿ ಕಚೇರಿಯ 1ನೇ ಪುಸ್ತಕದಲ್ಲಿ ಸೇರಿಸಿದರೆ ಸಾಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮೂಲಪತ್ರವನ್ನೇ ನೋಂದಣಿಗೆ ಕೊಟ್ಟರೆ ಅಥವಾ ಬೇರೆ ಉದ್ದೇಶಕ್ಕೆ ಬಳಸಿದರೆ ಮುದ್ರಾಂಕ ಕಟ್ಟಬೇಕು. ಮುಂದೆ ಖಾತಾ ವರ್ಗಾವಣೆ, ಸಾಲ, ಮಾರಾಟ ಎಲ್ಲಕ್ಕೂ ನೋಂದಣಿಯಾದ ಪತ್ರವನ್ನೇ ಕೇಳ್ತಾರೆ. ಮನೆಗಾಗಿ ಕೊಳ್ಳುವವರು ನೋಂದಾಯಿಸಿಬಿಡೋದೇ ಸರಿ. ಸರ್ಟಿಫಿಕೇಟ್ ಜೊತೆಗೆ ಮೂಲ ಹಕ್ಕುಪತ್ರಗಳ ಪಟ್ಟಿ ಮಾಡಿ, ಸಹಿ ಹಾಕಿಸಿ ಪಡೆಯಿರಿ. ಇಸಿಯಲ್ಲಿ, ಸೆರ್ಸಾಯ್‌ನಲ್ಲಿ ಬ್ಯಾಂಕಿನ ಹಳೇ ಅಡಮಾನ ತೆಗೆಸಿಕೊಡೋದನ್ನೂ ಆಗಲೇ ಕೇಳಿ.

ಹೊಸಮನೆ_ಹುಡುಕಾಟ

ತುಂಬಾ ಉಪಕಾರ ಆಯ್ತು. ಅಧಿಕಾರಿಗೆ 14ನೇ ಕಲಮಿನ ಬಗ್ಗೆ ಇಮೇಲ್ ಹಾಕ್ತೀನಿ. ಕೊನೇ ಎರಡು ಪ್ರಶ್ನೆ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಬೇಕಿದ್ದರೆ? ಮತ್ತೆ ಒಬ್ಬರು ಫೋನ್ ಮಾಡಿ, ಬ್ಯಾಂಕಿನವರೇ ಅಂತ ಹೇಳಿ, ಇಎಂಡಿಯನ್ನು ತಮ್ಮ ಖಾತೆಗೆ ಹಾಕಿದರೆ "ಮೀಸಲು ಬೆಲೆಗೇ ಮಾಡಿಸಿಕೊಡ್ತೀವಿ" ಅಂತಿದ್ದಾರೆ.

ನೀಲಿಗೇಟು

ಆ ಫೋನಿಗೆ ಒಂದು ಪೈಸೆ ಕೊಡಬೇಡಿ. ಇಎಂಡಿ ಹೋಗಬೇಕಾದ್ದು ಪೋರ್ಟಲ್ ವ್ಯಾಲೆಟ್ಟಿಗೆ, ಇಲ್ಲವೇ ಸೇಲ್ ನೋಟಿಸಿನಲ್ಲಿ ಅಚ್ಚಾದ ಬ್ಯಾಂಕಿನ ಖಾತೆಗೆ. ವ್ಯಕ್ತಿಯ ಹೆಸರಿನ ಖಾತೆ, ಯುಪಿಐ, ಕ್ಯೂಆರ್ ಅಂದರೆ ಅದು ಮೋಸ. ನೋಟಿಸಿನಲ್ಲಿರೋ ಅಧಿಕೃತ ಅಧಿಕಾರಿಯ ನಂಬರಿಗೆ ನೀವೇ ಕರೆ ಮಾಡಿ, ಈ ವಿಷಯವನ್ನೂ ತಿಳಿಸಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ದೂರು ಕೊಡಿ.

ಕಾಗದಪತ್ರ

ಜಂಟಿ ಹೆಸರನ್ನು ಇಎಂಡಿ ಕಟ್ಟುವ ಮುಂಚೆಯೇ, ಬಿಡ್ ಅರ್ಜಿಯಲ್ಲೇ ಹಾಕಬೇಕು, ಇಬ್ಬರ ಕೆವೈಸಿ ಸಮೇತ. ಬಿಡ್ ಯಾರ ಹೆಸರಲ್ಲಿತ್ತೋ ಅವರ ಹೆಸರಿಗೇ ಸೇಲ್ ಸರ್ಟಿಫಿಕೇಟ್ ಅಂತ ನೋಟಿಸುಗಳಲ್ಲಿ ಷರತ್ತಿರುತ್ತೆ, ಗೆದ್ದ ಮೇಲೆ ಹೆಸರು ಸೇರಿಸಿ ಅಂದರೆ ಒಪ್ಪೋಲ್ಲ. ಗೃಹಸಾಲಕ್ಕೆ ಇಬ್ಬರ ವರಮಾನ ತೋರಿಸೋದಿದ್ದರೆ ಇದನ್ನು ಇವತ್ತೇ ಸರಿಮಾಡಿಕೊಳ್ಳಿ. ಪೋರ್ಟಲ್‌ನಲ್ಲಿ ಜಂಟಿ ಬಿಡ್‌ಗೆ ಜಾಗ ಕಾಣದಿದ್ದರೆ ಅಧಿಕೃತ ಅಧಿಕಾರಿಗೆ ಬರೆದು, ಅವರ ಉತ್ತರ ಕೈಗೆ ಬಂದ ಮೇಲೇ ಇಎಂಡಿ ಕಟ್ಟಿ.